ಟವೆಲಿನ ಮೇಲಿನ ಅನ್ನ

ನಮ್ಮ ಮನೆಯಲ್ಲಿ ಜಗಳ ಶುರುವಾದದ್ದು ಒಂದು ಚಮಚದಿಂದ. ಅಲ್ಲಿಯವರೆಗೆ ಆ ಚಮಚ ಸಕ್ಕರೆ ಡಬ್ಬಿ ಬಿಟ್ಟು ಊಟದ ತಟ್ಟೆಯ ಹತ್ತಿರ ಸುಳಿದದ್ದೇ ಇಲ್ಲ. ಮಗಳು ಅದರ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿ ಅವರಪ್ಪನ ಬಲಗೈಗೆ ಕೊಟ್ಟಳು. ತಟ್ಟೆ ಜಾರದಿರಲಿ ಅಂತ ಕೆಳಗೆ ಒದ್ದೆ ಬಟ್ಟೆ ಹಾಸಿದಳು, ತೊಡೆ ಮೇಲೆ ಟವೆಲ್ ಹರಡಿದಳು. ಆಮೇಲೆ ಎದುರಿಗೆ ಕೂತು ತನ್ನ ಎರಡೂ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡಳು.

"ಇದೇನೇ ಇದು, ಚಳಿ ಆಗ್ತಿದ್ಯಾ?" ಅಂದೆ.

"ತರಬೇತೀಲಿ ನಮಗೆ ಹೀಗೇ ಹೇಳ್ಕೊಟ್ಟಿರೋದು ಅಮ್ಮ. ಕೈ ಆಚೆ ಇದ್ರೆ ಸಹಾಯ ಮಾಡೋಕೆ ತುಡಿಯತ್ತೆ. ಅದಕ್ಕೆ ಕೈ ಮೇಲೆ ಕೂತ್ಕೋಬೇಕು."

ಇವರು ಅನ್ನಕ್ಕೆ ಚಮಚ ಹಾಕಿದರು. ಅರ್ಧ ಮೇಲೆ ಬಂತು, ಬಾಯಿ ಹತ್ತಿರ ಬರುವ ಹೊತ್ತಿಗೆ ಅದೂ ಹೋಯಿತು. ಮತ್ತೆ ಹಾಕಿದರು. ಬೇಳೆ ಗಲ್ಲದಿಂದ ಕತ್ತಿಗೆ ಇಳಿಯಿತು. ನಾನು ಸೆರಗು ತಗೊಂಡು ಏಳೋಕೆ ಹೋದರೆ ಮಗಳು ಕಣ್ಣಲ್ಲೇ ಕೂರಿಸಿದಳು. ಆ ಊಟ ಮುಗಿಯೋಕೆ ಐವತ್ತು ನಿಮಿಷ ಹಿಡಿಯಿತು. ಹೊಟ್ಟೆಗೆ ಹೋದದ್ದು ಕಾಲು ಭಾಗ, ಮಿಕ್ಕದ್ದೆಲ್ಲ ಟವೆಲ್ ಮೇಲೆ.

"ನಿನಗೆ ಕರುಳು ಅನ್ನೋದು ಇದ್ಯೇನೇ?" ಅಂತ ಒಳಗೆ ಹೋಗಿ ಕೇಳಿದೆ.

"ಇರೋದಕ್ಕೇ ಸುಮ್ನೆ ಕೂತಿದ್ದೆ," ಅಂದಳು. ಅವಳ ಕಣ್ಣು ಕೆಂಪಾಗಿತ್ತು. ಆವತ್ತು ನಾನು ಅದನ್ನ ಕಂಡೂ ಕಾಣದವಳ ಹಾಗೆ ಪಾತ್ರೆ ತಿಕ್ಕಿದೆ.

ನನ್ನ ಬಾಯಿ ಜೋರು, ಬೀದಿಗೆಲ್ಲ ಗೊತ್ತು. ಆದ್ದರಿಂದ ಮುಚ್ಚುಮರೆ ಇಲ್ಲದೆ ಹೇಳಿಬಿಡ್ತೀನಿ. ಇವರು ಕ್ಷೌರದ ಅಂಗಡಿ ಇಟ್ಟವರು. ನಲವತ್ತೊಂದು ವರ್ಷ ಅದೇ ಬೀದಿ, ಅದೇ ಕನ್ನಡಿ, ಕಿಟಕಿ ಪಕ್ಕದ ಅದೇ ಕುರ್ಚಿ. ಬಲಗೈಯಲ್ಲಿ ಕತ್ತರಿ ಹಿಡಿದರೆ ಅದು ಕೂದಲು ಇಲ್ಲದಾಗಲೂ ಗಾಳಿಯಲ್ಲಿ ಕಚಕಚ ಅಂತ ಆಡುತ್ತಾ ಇರಬೇಕು, ಹಾಗಿತ್ತು ಅಭ್ಯಾಸ. ಒಂದು ದಿನ ಗಿರಾಕಿಯ ಕಿವಿ ಹಿಂದೆ ಕತ್ತರಿ ನಿಂತುಹೋಯಿತು. ಲಕ್ವ ಹೊಡೆದಿತ್ತು. ಹನ್ನೊಂದು ದಿನ ಆಸ್ಪತ್ರೆ. ಕಾಲು ಅಷ್ಟಿಷ್ಟು ಬಂತು, ಮಾತು ತೊದಲು ತೊದಲಾಗಿ ಬಂತು, ಬಲಗೈ ಮಾತ್ರ ಬರಲಿಲ್ಲ. ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು. "ಮೊದಲ ಮೂರು ತಿಂಗಳು ಈ ಕೈಗೆ ಕೆಲಸ ಕೊಡಿ. ಕೊಟ್ರೆ ಬರಬಹುದು. ಕೊಡದಿದ್ರೆ ಅದು ಮರೆತುಬಿಡತ್ತೆ."

ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಕಿಟಕಿ ಪಕ್ಕದ ಕುರ್ಚಿ ಖಾಲಿ ಬಿದ್ದಿತ್ತು. "ಮೂರು ತಿಂಗಳು ಹಾಗೇ ಬಿಟ್ಟಿರ್ತೀನಿ ಅಮ್ಮ," ಅಂದ. "ಆಮೇಲೆ ಇನ್ನೊಬ್ಬನ್ನ ಕೆಲಸಕ್ಕೆ ತಗೋಬೇಕಾಗತ್ತೆ. ಒಬ್ಬನ ಕೈಲಿ ಆಗಲ್ಲ."

ಇನ್ನು ಮಗಳು. ಇವನಿಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆ ಎರಡೇ ವರ್ಷಕ್ಕೆ ಮುಗಿದು ವಾಪಸ್ ಬಂದವಳು. ಬಟ್ಟೆ ಅಂಗಡಿ, ಬಿಸ್ಕತ್ ಪ್ಯಾಕಿಂಗ್, ಫೋನ್ ಎತ್ತಿ ಬೈಸಿಕೊಳ್ಳುವ ಕೆಲಸ, ಎಲ್ಲ ಆಯಿತು. ಎಲ್ಲೂ ಒಂದು ವರ್ಷ ನಿಂತವಳಲ್ಲ. ಸಂಜೆ ಬಂದರೆ ಗೋಡೆ ಕಡೆ ತಿರುಗಿ ಮಲಗುವಳು. ಆಸ್ಪತ್ರೆಯಲ್ಲಿ ಒಬ್ಬ ಆರೈಕೆಯ ಹೆಂಗಸು ಇವರನ್ನ ಎತ್ತಿ ಕೂರಿಸದೆ, "ನೀವೇ ಏಳ್ತೀರಿ, ನಾನು ಪಕ್ಕದಲ್ಲಿರ್ತೀನಿ," ಅಂತ ಕಾಲು ಗಂಟೆ ನಿಂತಳಂತೆ. ಇವರು ಎದ್ದರು. ಅದನ್ನ ನೋಡಿ ಬಂದ ಮಗಳು, "ಅಮ್ಮ, ನನಗೆ ಈ ಕೆಲಸ ಬೇಕು," ಅಂದಳು. ಏನಾದರೂ ಬೇಕು ಅಂತ ಅವಳು ಬಾಯಿಬಿಟ್ಟು ಕೇಳಿ ಎಷ್ಟೋ ವರ್ಷವಾಗಿತ್ತು. ವಯಸ್ಸಾದವರಿಗೂ ಲಕ್ವ ಹೊಡೆದವರಿಗೂ ಇರುವ ಒಂದು ಆರೈಕೆ ಕೇಂದ್ರದಲ್ಲಿ ಮೂರು ತಿಂಗಳ ತರಬೇತಿಗೆ ಸೇರಿದಳು. ಪಾಸಾದರೆ ಅಲ್ಲೇ ಕೆಲಸ.

ಮಗ ಮೂಗು ಮುರಿದ. "ಕಂಡೋರ ಮನೆ ಮುದುಕರ ಚಡ್ಡಿ ಬದಲಾಯಿಸೋಕೆ ಮೂರು ತಿಂಗಳು ಓದಬೇಕಾ?"

"ನೀನು ಕಂಡೋರ ಗಡ್ಡ ಕೆರೀತೀಯಲ್ಲ, ಅದಕ್ಕೆ ಅಪ್ಪ ನಿನಗೆ ಮೂರು ವರ್ಷ ಹೇಳ್ಕೊಟ್ರು," ಅಂದಳು ಮಗಳು.

ಇವರು ಅರ್ಧ ಬಾಯಲ್ಲಿ ನಕ್ಕರು. ಲಕ್ವ ಹೊಡೆದ ಮೇಲೆ ಮೊದಲ ಸಲ ನಕ್ಕದ್ದು ಅದೇ. ಮಗನೂ ನಕ್ಕ, ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೋದ.

ಮಗಳು ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಬರುತ್ತಿದ್ದದ್ದು ಏಳು ಗಂಟೆ ಮೇಲೆ. ಇವರ ಮಾತ್ರೆ ಲೆಕ್ಕದಲ್ಲಿ ರಾತ್ರಿ ಊಟ ಸಂಜೆ ಆರೂವರೆಗೇ ಆಗಬೇಕು. ಹಾಗಾಗಿ ಮೂರು ಹೊತ್ತೂ ನನ್ನ ಪಾಲಿಗೇ ಬಂತು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳೋಳು. "ಅಮ್ಮ, ಚಮಚ ಅಪ್ಪನ ಕೈಯಲ್ಲಿ. ಚೆಲ್ಲಿದ್ರೆ ಚೆಲ್ಲಲಿ. ನೀನು ಮುಟ್ಟಬೇಡ. ನನ್ನಾಣೆ."

ನಾಲ್ಕು ದಿನ ಮುಟ್ಟಲಿಲ್ಲ. ಐದನೇ ದಿನ ಮಧ್ಯಾಹ್ನ ಬಿಸಿ ಬೇಳೆ ಅವರ ಎದೆ ಮೇಲೆ ಬಿತ್ತು. ಸುಟ್ಟಿರಬೇಕು. ಅವರು ನನ್ನ ಕಡೆ ನೋಡಿ, ಗಿರಾಕಿಗೆ ಸ್ವಲ್ಪ ಗೀರು ಬಿದ್ದಾಗ ತಲೆ ತಗ್ಗಿಸುತ್ತಿದ್ದರಲ್ಲ, ಹಾಗೆ ತಗ್ಗಿಸಿ, "ತಪ್ಪಾ...ಯ್ತು," ಅಂದರು. ನನಗೆ ತಪ್ಪಾಯ್ತು ಅಂದರು, ನನಗೆ. ಚಮಚ ಕಿತ್ತು ಬದಿಗಿಟ್ಟೆ. ಅನ್ನ ಕಲಸಿದೆ. ತುತ್ತು ಮಾಡಿ ಹಿಡಿದೆ.

ತಲೆ ಅಲ್ಲಾಡಿಸಿದರು. "ಮಗ...ಳು ಬೈ...ತಾಳೆ."

"ಬೈದ್ರೆ ನನ್ನ ಬೈತಾಳೆ. ಬಾಯಿ ತೆಗೀರಿ."

ತೆಗೆದರು. ಹದಿನೈದು ನಿಮಿಷದಲ್ಲಿ ತಟ್ಟೆ ಖಾಲಿ. ಲಕ್ವ ಹೊಡೆದ ಮೇಲೆ ಅವರು ಹೊಟ್ಟೆ ತುಂಬ ಉಂಡದ್ದು ಆವತ್ತೇ. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ನಾನು ಊಟ ಮಾಡುವುದನ್ನೇ ಮರೆತೆ. ಆಮೇಲೆ ಟವೆಲ್ ನೋಡಿದೆ. ಬಿಳಿ ಟವೆಲ್, ಒಂದು ಅಗುಳೂ ಇಲ್ಲ. ಮಗಳು ಬಂದ ಕೂಡಲೇ ಮೊದಲು ನೋಡುತ್ತಿದ್ದದ್ದು ಆ ಟವೆಲ್ಲನ್ನೇ. ಪಾತ್ರೆಯಿಂದ ಒಂದು ಹಿಡಿ ಅನ್ನ ತಂದು ಉದುರಿಸಿದೆ. ಬೇಳೆಯಲ್ಲಿ ಬೆರಳದ್ದಿ ಅಲ್ಲಲ್ಲಿ ಸವರಿದೆ. ಇವರು ನೋಡುತ್ತಾ ಕೂತಿದ್ದರು.

ಸಂಜೆ ಮಗಳು ಟವೆಲ್ ಬಿಚ್ಚಿ ದೀಪದ ಕೆಳಗೆ ಹಿಡಿದಳು. "ನಿನ್ನೆಗಿಂತ ಕಮ್ಮಿ ಚೆಲ್ಲಿದೆ ಅಮ್ಮ." ಅವಳ ಮುಖ ಅರಳಿತು. "ಎಷ್ಟು ಚಮಚ ಬಾಯಿಗೆ ಹೋಯ್ತು?"

"ಹತ್ತು," ಅಂದೆ. ಯಾಕೆ ಹತ್ತು ಅಂದೆನೋ ನನಗೇ ಗೊತ್ತಿಲ್ಲ.

ಅವಳು ಒಂದು ನೋಟ್‌ಬುಕ್ ತೆಗೆದು ಬರೆದಳು. ತರಬೇತಿಯಲ್ಲಿ ಪ್ರತಿಯೊಬ್ಬರೂ ಒಬ್ಬ ರೋಗಿಯನ್ನ ಆರಿಸಿಕೊಂಡು ದಿನದಿನದ ಸಂಗತಿ ಬರೆಯಬೇಕಂತೆ. ಇವಳು ಅಪ್ಪನನ್ನೇ ಆರಿಸಿಕೊಂಡಿದ್ದಳು. ಬರೆದದ್ದನ್ನ ಓದಿಯೂ ಹೇಳಿದಳು. "ಮಧ್ಯಾಹ್ನದ ಊಟ. ಬಲಗೈ. ತಾವೇ. ಹತ್ತು ಚಮಚ."

ಅಲ್ಲಿಂದ ಅದೇ ನನ್ನ ಕಸುಬಾಯಿತು. ಮೂರು ಹೊತ್ತೂ ತುತ್ತು ಕೊಡೋದು, ಆಮೇಲೆ ಟವೆಲ್ ತಯಾರು ಮಾಡೋದು. ವಾರ ವಾರಕ್ಕೆ ಉದುರಿಸುವ ಅನ್ನ ಕಮ್ಮಿ ಮಾಡುತ್ತಾ ಬಂದೆ. ಹಿಡಿ ಇದ್ದದ್ದು ಚಿಟಿಕೆಗೆ ಬಂತು. ಹತ್ತು ಚಮಚ ಹದಿನಾಲ್ಕಾಯಿತು, ಇಪ್ಪತ್ತಾಯಿತು. ಒಂದೊಂದು ದಿನ ಜಾಸ್ತಿಯೂ ಉದುರಿಸುತ್ತಿದ್ದೆ, ಅನುಮಾನ ಬಾರದಿರಲಿ ಅಂತ. ಅಷ್ಟು ಬುದ್ಧಿ ಓಡುತ್ತಿತ್ತು ನನಗೆ, ಹಾಳು ಬುದ್ಧಿ.

ಮಗಳೂ ಬದಲಾಗಿದ್ದಳು. ಬಂದ ಕೂಡಲೇ ಕೈಕಾಲು ತೊಳೆದು ಅಪ್ಪನ ಪಕ್ಕ ಕೂತು ಕತೆ ಶುರು. "ಅಪ್ಪ, ನಮ್ಮ ಕೇಂದ್ರದ ಬಸ್ ಕಂಡಕ್ಟರ್ ತಾತ ಇವತ್ತು ಶರ್ಟ್ ಗುಂಡಿ ಎಲ್ಲ ತಾವೇ ಹಾಕ್ಕೊಂಡ್ರು. ಇಪ್ಪತ್ತೆರಡು ನಿಮಿಷ. ಕೊನೇ ಗುಂಡಿ ಹಾಕಿ ನನಗೆ ಟಿಕೆಟ್ ಹರಿದು ಕೊಡೋ ಹಾಗೆ ಮಾಡಿದ್ರು. ನಾನು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ."

"ಸಂಬಳ ಇಲ್ಲದೆ ಅಳೋಕೂ ಹೋಗ್ತಾಳೆ," ಅಂತ ಮಗ ಊಟದ ತಟ್ಟೆಯಿಂದ ತಲೆ ಎತ್ತದೆ ಅಂದ.

"ಬಿಸ್ಕತ್ ಫ್ಯಾಕ್ಟರೀಲಿ ಸಂಬಳ ತಗೊಂಡು ಅಳ್ತಿದ್ದೆ. ಇದೇ ವಾಸಿ."

ಗೋಡೆ ಕಡೆ ತಿರುಗಿ ಮಲಗುವುದು ನಿಂತಿತ್ತು. ಅದನ್ನ ಕೆಡಿಸಲಿ ಹೇಗೆ, ಹೇಳಿ. ಗಂಡನಿಗೆ ತುತ್ತು, ಮಗಳಿಗೆ ಸುಳ್ಳು, ಇಬ್ಬರೂ ದಿನದಿಂದ ದಿನಕ್ಕೆ ಮೈಕೈ ತುಂಬಿಕೊಳ್ಳುತ್ತಿದ್ದರು.

ವಾರದ ರಜೆಯ ದಿನ ಮಾತ್ರ ನನಗೆ ಕಷ್ಟ. ಅವಳು ಎದುರಿಗೆ ಕೂತರೆ ಇವರ ಚಮಚ ಮೇಲಕ್ಕೇ ಏಳದು. ಮೊದಲ ಸಲ ನಾನೇ ಅಂದೆ, "ನೀನು ಹಾಗೆ ದಿಟ್ಟಿಸಿಕೊಂಡು ಕೂತ್ರೆ ಅವರಿಗೆ ಸಂಕೋಚ ಕಣೇ. ಹೆತ್ತ ಮಗಳ ಮುಂದೆ ಚೆಲ್ಲಿಕೊಂಡು ಉಣ್ಣೋದು ಸುಲಭನಾ?"

ಅವಳು ಒಂದು ಗಳಿಗೆ ಯೋಚಿಸಿದಳು. "ಹೌದು, ಹಾಗಾಗತ್ತೆ ಅಂತ ನಮಗೂ ಹೇಳಿದ್ದಾರೆ," ಅಂದು ಎದ್ದು ಆಚೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಪ್ಪನ ಮರ್ಯಾದೆ ಕಾಯೋಕೆ ಅವಳು ಬಿಸಿಲಲ್ಲಿ ನಿಂತಿದ್ದರೆ, ಒಂದು ಗೋಡೆ ಈಚೆ ನಾನು ಸದ್ದಾಗದ ಹಾಗೆ ತುತ್ತು ಕೊಡುತ್ತಿದ್ದೆ.

ದಿನಾ ಮಲಗುವ ಮುಂಚೆ ಅಪ್ಪನ ಬೆರಳುಗಳನ್ನ ಒಂದೊಂದಾಗಿ ಬಿಡಿಸಿ ನೀವುತ್ತಿದ್ದಳು. "ಇಷ್ಟು ಚೆನ್ನಾಗಿ ಊಟ ಮಾಡ್ತಿದ್ದಾರೆ, ಬೆರಳು ಯಾಕೆ ಇನ್ನೂ ಮುಷ್ಟಿ ಬಿಡ್ತಿಲ್ಲ ಅಮ್ಮ?"

"ಹೊತ್ತು ಮುಳುಗೋ ಹೊತ್ತಿಗೆ ಸುಸ್ತಾಗಿರತ್ತೆ," ಅಂದೆ.

ಹತ್ತನೇ ವಾರ ಕುಣಿದುಕೊಂಡು ಬಂದಳು. ಕೇಂದ್ರ ನಡೆಸುವಾಕೆಯನ್ನ ಅಲ್ಲಿ ಎಲ್ಲರೂ ದೊಡ್ಡಕ್ಕ ಅಂತಾರೆ. ಆ ದೊಡ್ಡಕ್ಕ ನೋಟ್‌ಬುಕ್ ಓದಿ ಮೆಚ್ಚಿಕೊಂಡಿದ್ದರಂತೆ. "ಹನ್ನೆರಡು ಜನರಲ್ಲಿ ನನ್ನದೇ ಚೆನ್ನಾಗಿದೆಯಂತೆ ಅಮ್ಮ. ಮುಂದಿನ ವಾರ ಅಪ್ಪನ್ನ ಕರ್ಕೊಂಡು ಬಾ, ಎಲ್ಲರ ಜೊತೆ ಊಟ ಮಾಡಲಿ, ಹೊಸಬರೆಲ್ಲ ನೋಡಲಿ ಅಂದ್ರು. ಅವತ್ತೇ ಕೆಲಸದ ಕಾಗದ ಕೊಡ್ತಾರೆ."

"ಅವರಿಗೆ ಅಷ್ಟು ದೂರ ಆಗತ್ತೇನೇ?" ಅಂದೆ.

"ಆಟೋದಲ್ಲಿ ಹೋಗೋಣ. ಅಲ್ವಾ ಅಪ್ಪ?"

ಇವರು ನನ್ನ ಮುಖ ನೋಡಿದರು. ಆಮೇಲೆ ಮಗಳ ಮುಖ ನೋಡಿ, "ಹೋ...ಗೋಣ," ಅಂದರು.

ಆ ಏಳು ದಿನ ನಾನು ಅವರ ಕೈಗೆ ಚಮಚ ಕೊಟ್ಟೆ. ಮಧ್ಯಾಹ್ನ, ಸಂಜೆ, ಬೆಳಿಗ್ಗೆ. ಬೇಡಿಕೊಂಡೆ, ಗದರಿದೆ. "ಹಿಡೀರಿ ಅಂದ್ರೆ. ನಲವತ್ತು ವರ್ಷ ಕತ್ತರಿ ಹಿಡಿದ ಕೈ ಅಲ್ವಾ ಇದು?" ಬೆರಳು ಒಳಗೆ ಮಡಚಿಕೊಂಡು ಕೂತಿದ್ದವು. ಬಿಡಿಸಿ ಚಮಚ ಇಟ್ಟರೆ ಜಾರುತ್ತಿತ್ತು. ಮೊದಲ ವಾರದಲ್ಲಿ ಅರ್ಧ ದಾರಿಯವರೆಗಾದರೂ ಏಳುತ್ತಿದ್ದ ಕೈ ಈಗ ತಟ್ಟೆ ಬಿಟ್ಟು ಏಳಲಿಲ್ಲ. ನಿಜ ಹೇಳಿಬಿಡಬೇಕು ಅಂತ ದಿನಾ ಬಾಗಿಲಿಗೆ ಬಂದು ನಿಂತೆ. ಅವಳು ಹಾಡು ಗುನುಗುತ್ತಾ ಚಪ್ಪಲಿ ಬಿಡುತ್ತಿದ್ದಳು. ನಾನು ಒಳಗೆ ಹೋಗಿ ಟವೆಲ್ ತಂದು ಕೊಡುತ್ತಿದ್ದೆ.

ಆ ದಿನ ಮಗನೂ ಅಂಗಡಿ ಬಾಗಿಲು ಹಾಕಿಕೊಂಡು ಬಂದ. ಅಪ್ಪನ ಗಡ್ಡ ತಾನೇ ಕೆರೆದು, ಕಿವಿಯ ಕೂದಲು ತೆಗೆದು, ಕತ್ತಿಗೆ ಪೌಡರ್ ಹಾಕಿದ. "ಕೈ ಬಂದ್ರೆ ಸೋಮವಾರ ಅಂಗಡಿಗೆ ಕರ್ಕೊಂಡು ಹೋಗ್ತೀನಿ. ಕುರ್ಚಿ ಒರೆಸಿ ಇಟ್ಟಿದೀನಿ," ಅಂದ.

ಉದ್ದದ ಕೋಣೆ. ಎರಡು ಸಾಲು ಮೇಜು. ಎಲ್ಲ ತಟ್ಟೆಗಳ ಕೆಳಗೂ ಒದ್ದೆ ಬಟ್ಟೆ, ಎಲ್ಲ ಚಮಚಗಳಿಗೂ ದಪ್ಪ ಹಿಡಿ. ವಯಸ್ಸಾದವರು ಊಟಕ್ಕೆ ಕೂತಿದ್ದರು. ಪಕ್ಕದಲ್ಲಿ ಒಬ್ಬೊಬ್ಬ ಹುಡುಗಿ, ಒಬ್ಬೊಬ್ಬ ಹುಡುಗ, ಎಲ್ಲರ ಕೈಯೂ ತೊಡೆ ಕೆಳಗೆ. ಯಾರೂ ಅವಸರ ಮಾಡುತ್ತಿರಲಿಲ್ಲ. ಕಂಡಕ್ಟರ್ ತಾತ ಯಾರು ಅಂತ ಕೇಳದೆಯೇ ಗೊತ್ತಾಯಿತು. ನಡುಗುವ ಕೈಯಲ್ಲಿ ಅಂಗಿ ತುಂಬ ಚೆಲ್ಲಿಕೊಂಡು, ಮಹಾರಾಜನ ಗತ್ತಿನಲ್ಲಿ ಉಣ್ಣುತ್ತಿದ್ದರು. ನಾನು ಕರುಳಿಲ್ಲದ ಕೆಲಸ ಅಂದುಕೊಂಡಿದ್ದು ನಿಜಕ್ಕೂ ಏನು ಅಂತ ಆವತ್ತು ಕಣ್ಣಾರೆ ಕಂಡೆ.

ಇವರನ್ನ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಮಗಳು ಪಕ್ಕದಲ್ಲಿ ಕೂತು ಕೈ ತೊಡೆ ಕೆಳಗಿಟ್ಟಳು. ದೊಡ್ಡಕ್ಕ ಕನ್ನಡಕ ಹಾಕಿಕೊಂಡು ನಿಂತರು. ಬಿಳಿ ಕೂದಲಿನ ಸಣ್ಣ ಹೆಂಗಸು, ಮಾತು ಕಮ್ಮಿ.

ಚಮಚ ಬಿತ್ತು. ಮಗಳು ನಗುತ್ತಾ, "ನಿಧಾನ ಅಪ್ಪ," ಅಂದು ಎತ್ತಿಕೊಟ್ಟಳು. ಮತ್ತೆ ಬಿತ್ತು. ಇವರ ಹಣೆ ಬೆವರಿತು. ಎಡಗೈಯಿಂದ ಬಲಗೈ ಹಿಡಿದೆತ್ತಲು ನೋಡಿದರು. ಚಮಚ ಮೂರನೇ ಸಲ ಉರುಳಿ ನನ್ನ ಕಾಲ ಹತ್ತಿರ ಬಂತು.

"ಹೊಸ ಜಾಗ ಅಲ್ವಾ ದೊಡ್ಡಕ್ಕ," ಅಂದಳು ಮಗಳು. "ಮನೇಲಿ ಇಪ್ಪತ್ತು ಚಮಚ ತಿಂತಾರೆ."

ನಾನು ಬಗ್ಗಿ ಚಮಚ ಎತ್ತಿಕೊಂಡೆ, ಅಷ್ಟೇ. ಕೊಡೋಣ ಅಂತ ಕೈ ಮೇಲೆ ಬಂತು. ನನ್ನ ಕೈ ಕಂಡದ್ದೇ ಇವರ ಬಾಯಿ ತಾನಾಗಿ ತೆರೆಯಿತು. ಖಾಲಿ ಚಮಚಕ್ಕೆ ಬಾಯಿ ತೆರೆದು, ಕತ್ತು ಮುಂದೆ ಚಾಚಿ, ಕಾಯುತ್ತಾ ಕೂತರು.

ಅಲ್ಲಿದ್ದವರೆಲ್ಲ ಆ ಕೆಲಸ ಕಲಿತವರು, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳು ಅಪ್ಪನ ಬಾಯಿ ನೋಡಿದಳು, ನನ್ನ ಕೈ ನೋಡಿದಳು. ತೊಡೆ ಕೆಳಗಿದ್ದ ಅವಳ ಕೈ ನಿಧಾನವಾಗಿ ಆಚೆ ಬಂತು. ಟವೆಲ್ ತುದಿಯಿಂದ ಅಪ್ಪನ ಬಾಯಿ ಒರೆಸಿ, ಗಲ್ಲ ಹಿಡಿದು ಮೆಲ್ಲಗೆ ಮುಚ್ಚಿದಳು.

"ಟವೆಲ್ ಮೇಲೆ ಅನ್ನ ಇರ್ತಿತ್ತಲ್ಲ ಅಮ್ಮ," ಅಂದಳು.

"ನಾನೇ ಉದುರಿಸ್ತಿದ್ದೆ," ಅಂದೆ.

ದೊಡ್ಡಕ್ಕ ಬೈಯಲಿಲ್ಲ. ನೋಟ್‌ಬುಕ್ ತೆಗೆದು ಮಗಳ ಮುಂದಿಟ್ಟು ಕೇಳಿದರು. "ಇದರಲ್ಲಿ ನಿನ್ನ ಕಣ್ಣಾರೆ ನೋಡಿ ಬರೆದದ್ದು ಎಷ್ಟು ಹಾಳೆ?"

"ಮೊದಲ ದಿನದ್ದು ಒಂದೇ."

"ನೋಡದೆ ಬರೆದ ಹಾಳೆ ನಂಬಿ ನಾಳೆ ಇನ್ನೊಬ್ಬರು ಯಾರಿಗೋ ಮಾತ್ರೆ ಕೊಡ್ತಾರೆ. ಮುಂದಿನ ತಂಡದ ಜೊತೆ ಇನ್ನೊಂದು ಸಲ ಬಾ. ನಿನಗೆ ಈ ಕೆಲಸ ಬರತ್ತೆ. ಅದಕ್ಕೇ ಇವತ್ತು ಕಾಗದ ಕೊಡ್ತಿಲ್ಲ."

ಮನೆಗೆ ಬಂದ ಮೇಲೆ ಮಗ ಶುರುಮಾಡಿದ. "ಏನಮ್ಮ ಇದು? ಅಪ್ಪನ ಕೈಯೇ ಹೋಯ್ತಲ್ಲಮ್ಮ. ಮೂರು ತಿಂಗಳು ನಾನು ಕುರ್ಚಿ ಒರೆಸ್ತಾ ಇದ್ದೆ."

"ಹಸಿದ ಗಂಡನಿಗೆ ಉಣ್ಣಿಸಿದ್ದು ತಪ್ಪೇನೋ?" ಅಂತ ನಾನೂ ಬಾಯಿ ಜೋರು ಮಾಡಿದೆ. ಮಾಡಿದೆನೇ ಹೊರತು ಒಳಗೆ ಬಲ ಇರಲಿಲ್ಲ.

"ಬಿಡೋ ಅಮ್ಮನ್ನ," ಅಂದಳು ಮಗಳು. "ಅಲ್ಲಿ ಕಂಡೋರ ಮುಂದೆ ಗಂಟೆಗಟ್ಟಲೆ ಕಾಯ್ತಿದ್ದೆ. ಮನೇಲಿ ಒಂದು ಊಟ ಪೂರ್ತಿ ಕೂತು ನೋಡ್ಲಿಲ್ಲ ನಾನು." ಅವಳು ನನಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಇವರು ಕುರ್ಚಿಯಿಂದ ಕೈ ಎತ್ತಿದರು, ಎಡಗೈ. ಮಾತು ಒಂದೊಂದೇ ಹೊರಬಂತು. "ನಾನೂ... ಹೇಳ್ಲಿಲ್ಲ. ನಲವತ್ತು ವರ್ಷ... ನಿಂತ್ಕೊಂಡೇ ಉಂಡೆ. ಗಿರಾಕಿ ಕಾಯ್ತಾ ಇರೋರು. ಇವಳು... ಎದುರಿಗೆ ಕೂತು... ತಿನ್ನಿಸಿದ್ದು... ಇದೇ ಮೊದಲು." ಆಮೇಲೆ, "ಇಷ್ಟ... ಆಗಿತ್ತು," ಅಂದರು.

ಮಗ ಎದ್ದು ಆಚೆ ಹೋದ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅವರು ಅಂಥ ಮಾತು ಹೇಳಿದ್ದು ಅದೊಂದೇ. ಅದನ್ನ ಕೇಳೋಕೆ ಅವರ ಕೈ ಕೊಡಬೇಕಾಯಿತು.

ಡಾಕ್ಟರು ನೋಡಿ ಬೆರಳ ಕೀಲು ಗಟ್ಟಿಯಾಗಿದೆ ಅಂದರು. ಅಭ್ಯಾಸ ಮಾಡಿಸಿದ್ದರೂ ಬರುತ್ತಿತ್ತೋ ಇಲ್ಲವೋ ಹೇಳೋಕಾಗಲ್ಲ ಅಂದರು. ನನ್ನ ಸಮಾಧಾನಕ್ಕೆ ಅಂದರೋ, ನಿಜವೋ. ಎಡಗೈಗೆ ಕಲಿಸಿ ಅಂದರು. ಸೋಮವಾರ ಕಿಟಕಿ ಪಕ್ಕದ ಕುರ್ಚಿಗೆ ಹೊಸಬ ಬಂದ. ಇವರ ಕತ್ತರಿಯನ್ನ ಮಗ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನಾನು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ಮುಂದಿನ ತಿಂಗಳು ಮಗಳು ಮತ್ತೆ ಮೊದಲಿನಿಂದ ತರಬೇತಿಗೆ ಹೊರಟಳು. ಹೊಸ ನೋಟ್‌ಬುಕ್. ಯಾರನ್ನ ಆರಿಸಿಕೊಂಡೆ ಅಂತ ಕೇಳಿದ್ದಕ್ಕೆ, "ಕಂಡಕ್ಟರ್ ತಾತನ್ನ," ಅಂದಳು. ಬಾಗಿಲಲ್ಲಿ ನಿಂತು ಈ ಸಲ ಆಣೆ ಹಾಕಲಿಲ್ಲ. "ಬರ್ತೀನಿ," ಅಂದಳು, ಅಷ್ಟೇ.

ಆ ಮಧ್ಯಾಹ್ನ ಅನ್ನ ಬಡಿಸಿ, ಒದ್ದೆ ಬಟ್ಟೆ ಹಾಸಿ, ಟವೆಲ್ ಹರಡಿ, ದಪ್ಪ ಚಮಚವನ್ನ ಇವರ ಎಡಗೈಗೆ ಕೊಟ್ಟೆ. ಎದುರಿಗೆ ಕೂತು ಕೈ ತೊಡೆ ಕೆಳಗೆ ಇಟ್ಟುಕೊಂಡೆ. ಅವರು ನನ್ನನ್ನ ನೋಡಿ ಬಾಯಿ ತೆರೆದರು. ನಾನು ಅಲುಗಲಿಲ್ಲ. ತುಂಬ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಬಾಯಿ ಮುಚ್ಚಿ, ಚಮಚ ಅನ್ನಕ್ಕೆ ಹಾಕಿದರು. ಒಂದು ಗಂಟೆ ಹತ್ತು ನಿಮಿಷ. ಆರು ಚಮಚ ಬಾಯಿಗೆ ಹೋಯಿತು, ಮಿಕ್ಕದ್ದು ಚೆಲ್ಲಿತು. ನನ್ನ ಕೈ ಜೋಮು ಹಿಡಿದು ಸತ್ತೇ ಹೋಗಿತ್ತು. ಮುಟ್ಟಲಿಲ್ಲ. ಟವೆಲ್ಲನ್ನ ಒಂದು ಅಗುಳೂ ಬೀಳದ ಹಾಗೆ ನಾಲ್ಕು ಮೂಲೆ ಹಿಡಿದು ಎತ್ತಿಟ್ಟೆ.

ಸಂಜೆ ಮಗಳು ಬಂದಳು. ಅವಳು ಕೇಳುವ ಮುಂಚೆಯೇ ಟವೆಲ್ ತಂದು ಅವಳ ಮುಂದೆ ಬಿಡಿಸಿದೆ. "ಆರು ಚಮಚ ಕಣೇ, ಎಡಗೈಯಲ್ಲಿ. ನಾನು ಮುಟ್ಟಿಲ್ಲ," ಅಂದೆ.

ಅವಳು ದೀಪದ ಕೆಳಗೆ ಹಿಡಿದು ನೋಡಿದಳು. ಒಂದು ಅಗುಳು ಬೆರಳಲ್ಲಿ ತೆಗೆದು ನೋಡಿದಳು. ಮಡಚಿ ಪಕ್ಕಕ್ಕಿಟ್ಟಳು. ನನ್ನ ಕಡೆ ತಿರುಗಲಿಲ್ಲ. ಅಪ್ಪನ ಮುಂದೆ ಮಂಡಿಯೂರಿ ಕೂತು, ಅವರ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಅಪ್ಪ, ಇದು ನೀವೇ ಚೆಲ್ಲಿದ್ದಾ?"